ಲಿಫ್ಟಿನ ಬಾಗಿಲಿಗೆ ಅಡ್ಡ ಕೈ

ಅಪ್ಪನದೊಂದು ಹಾಳು ಅಭ್ಯಾಸ. ಯಾರಾದರೂ ಓಡಿ ಬರುವುದು ಕಂಡರೆ ಸಾಕು, ಮುಚ್ಚಿಕೊಳ್ಳುತ್ತಿರುವ ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಇಡುತ್ತಾರೆ. ಒಳಗೆ ಗುಂಡಿ ಇದೆಯಲ್ಲ, ಅದನ್ನು ಒತ್ತಿ ಅಂತ ಮಗಳು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಾಳೆ. ಕೇಳಿದರೆ ತಾನೇ.

ಅವರ ಮನೆಯಿರುವ ಕಟ್ಟಡದ ಆ ಲಿಫ್ಟಿಗೆ ಪ್ರೋಗ್ರಾಂ ಬರೆಯುವ ಕಂಪನಿಯಲ್ಲೇ ಅವಳ ಕೆಲಸ. ಯಾರ್ಯಾರೋ ವರ್ಷಗಟ್ಟಲೆ ಬರೆದು ಬಿಟ್ಟುಹೋದ ಕೋಡು, ಬಿಡಿಸಿದಷ್ಟೂ ಸಿಕ್ಕು. ಅದರೊಳಗೆ ಹುಡುಕಲೆಂದೇ ಅವಳು, ಕೊಟ್ಟ ಸಂಗತಿಗಳಿಂದ ತರ್ಕಿಸಿ ಉತ್ತರ ಹೇಳುವ ಲಾಜಿಕ್ ಭಾಷೆಯಲ್ಲಿ ಒಂದು ಸಾಧನ ಕಟ್ಟಿದ್ದಳು. ಕೋಡಿನ ಯಾವ ತುಣುಕು ಯಾವುದನ್ನು ಬಳಸುತ್ತದೆ ಅನ್ನುವ ಸಂಗತಿಗಳನ್ನು ಅದಕ್ಕೆ ಉಣಿಸಬೇಕು. ಆಮೇಲೆ "ಇದು ಯಾರಿಗೆ ಬೇಕು?" ಅಂತ ಕೇಳಿದರೆ, ಸುತ್ತಿ ಬಳಸಿ ಬಂದ ನಂಟನ್ನೂ ಹುಡುಕಿ ಹೇಳುತ್ತದೆ. ಆಗ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಈಗ ಅದೇ ಅವಳ ಕುತ್ತಿಗೆಗೆ ಬಂದಿತ್ತು.

"ಕೈ ತಗುಲಿದ್ರೆ ಬಾಗಿಲು ತೆರೆಯೋ ತುಣುಕು ಯಾರಿಗೂ ಬೇಡವಂತೆ, ನಿಮ್ಮ ಸಾಧನವೇ ಹೇಳ್ತಿದೆ. ಕಿತ್ತುಹಾಕಿ. ಸಂಜೆ ಹೊಸ ಪ್ರೋಗ್ರಾಂ ಎಲ್ಲಾ ಲಿಫ್ಟಿಗೂ ಹೋಗ್ಬೇಕು" ಅಂದರು ಮ್ಯಾನೇಜರು.

"ಸರ್, ತನಗೆ ಗೊತ್ತಿಲ್ಲದ್ದನ್ನೆಲ್ಲ ಅದು 'ಇಲ್ಲ' ಅಂತಲೇ ಹೇಳೋದು. ಬಾಗಿಲಿನ ಕೋಡು ಬೇರೆ ತಂಡದ ಹತ್ರ ಇದೆ. ಅದನ್ನ ಇದಕ್ಕೆ ಉಣಿಸೇ ಇಲ್ಲ."

"ಲಾಜಿಕ್ ಎಲ್ಲಾದ್ರೂ ಸುಳ್ಳು ಹೇಳುತ್ತೇನ್ರಿ?"

ಬೆಳಗ್ಗೆಯಿಂದ ಇದೇ ರಾಗ. ಆ ಕೋಡು ತರಿಸಿ ಅಂದರೆ ಟೈಮಿಲ್ಲವಂತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪುಣ್ಯಾತ್ಮನಿಗೆ ಏನಂತ ಹೇಳುವುದು? ಅವಳ ಕಣ್ಣ ಮುಂದೆ ಅಪ್ಪನ ಕೈ ಬಂತು. ಸಣಕಲು ಬೆರಳು, ಮಣಿಕಟ್ಟಿನಲ್ಲಿ ಜಾರುವ ಸಡಿಲ ವಾಚು. ಮೈಯೆಲ್ಲ ಉರಿಯಿತು. ಕೀಬೋರ್ಡು ಎಳೆದುಕೊಂಡು ಸಾಧನಕ್ಕೆ ಇನ್ನೊಂದು ಪ್ರಶ್ನೆ ಹಾಕಿದಳು: ಈ ಆಫೀಸಿನಲ್ಲಿ ಮ್ಯಾನೇಜರ್ ಇದ್ದಾರಾ?

ಇಲ್ಲ, ಅಂದಿತು ಅದು.

ಮ್ಯಾನೇಜರು ಪರದೆ ನೋಡಿದರು, ಅವಳನ್ನು ನೋಡಿದರು, ಆ ತಂಡಕ್ಕೆ ಫೋನು ಹಚ್ಚಿದರು. ಕೋಡು ಬಂತು. ಉಣಿಸಿ ಮತ್ತೆ ಕೇಳಿದಾಗ, ಆ ತುಣುಕು ಬೇಕು ಅನ್ನುವವರ ಸಾಲು ಪರದೆ ತುಂಬಿ ಕೆಳಗಿಳಿಯಿತು. ಅದನ್ನು ಪೂರ್ತಿ ಓದುವಷ್ಟೂ ತಾಳ್ಮೆಯಿಲ್ಲದೆ, "ಇದನ್ನ ಮೊದಲೇ ಸರಿಯಾಗಿ ಹೇಳ್ಬಾರದಿತ್ತಾ?" ಅಂದು ಮ್ಯಾನೇಜರು ಎದ್ದುಹೋದರು.

ಅವಳು ಮನೆಗೆ ಬಂದಾಗ ಲಿಫ್ಟು ಮುಚ್ಚಿಕೊಳ್ಳುತ್ತಿತ್ತು. ಸಂದಿನಿಂದ ಪರಿಚಿತ ಕೈಯೊಂದು ಚಾಚಿಕೊಂಡಿತು. ಬಾಗಿಲು ಅದಕ್ಕೆ ತಗುಲಿ ಹಿಂದೆ ಸರಿಯಿತು.

"ಎಷ್ಟು ಸಲ ಹೇಳ್ಲಿ ಅಪ್ಪಾ, ಕೈ ಇಡಬೇಡಿ ಅಂತ."

"ಏನೂ ಆಗಲ್ಲ ಬಾರಮ್ಮ. ನೀನು ಮಾಡಿರೋ ಬಾಗಿಲು ತಾನೇ."

ಇನ್ನೂ ಬೈಯಬೇಕೆಂದಿದ್ದವಳು ಆ ಕೈ ಹಿಡಿದುಕೊಂಡೇ ಒಳಗೆ ಬಂದಳು. ಬಾಗಿಲು ಪೂರ್ತಿ ಮುಚ್ಚುವವರೆಗೂ ಬಿಡಲಿಲ್ಲ.