ಗೊಬ್ಬರದ ಬಕೆಟ್ಟಿನಲ್ಲಿ ಮಜ್ಜಿಗೆ

ಹಿರೇಕೆರೂರಿನ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಲವಣದ ಹರಳು ಒಡೆಯಲು ಶಕ್ತಿ ಬೇಕು. ಒಡೆದ ಅಯಾನುಗಳನ್ನು ನೀರು ಸುತ್ತುವರಿದಾಗ ಶಕ್ತಿ ಸಿಗುತ್ತದೆ. ಸಿಕ್ಕಿದ್ದು ಸಾಲದಿದ್ದರೆ ಉಳಿದದ್ದನ್ನು ಲವಣವು ನೀರಿನ ಬಿಸಿಯಿಂದಲೇ ಎಳೆದುಕೊಳ್ಳುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದೂ ಬರೆದೂ ನನಗೇ ಬೇಸರವಾಗಿತ್ತು.

ಒಂದು ಭಾನುವಾರ ಚಿಕ್ಕೇರೂರಿನ ನಮ್ಮ ಹೊಲಕ್ಕೆ ಹೋದೆ. ಅವ್ವ ಮೆಣಸಿನ ಗಿಡಕ್ಕೆ ಹೊಡೆಯಲು ಪೊಟ್ಯಾಸಿಯಂ ನೈಟ್ರೇಟ್ ಗೊಬ್ಬರವನ್ನು ಬಕೆಟ್ಟಿನ ನೀರಿನಲ್ಲಿ ಗಟ್ಟಿಯಾಗಿ ಕದಡುತ್ತಿದ್ದಳು. ಅದರ ನಡುವೆ ಮುಚ್ಚಳ ಬಿಗಿದ ಮಜ್ಜಿಗೆ ಡಬ್ಬಿ ನಿಂತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಗೊಬ್ಬರದಾಗ ಮಜ್ಜಿಗಿ ಇಡೂದೇನಬೇ? ತಗಿ ಅದನ್ನ!"

"ಡಬ್ಬಿ ತೊಳದ ಕುಡಿತೇವಿ. ಬಾಯಿ ಮಾಡಬ್ಯಾಡ, ಮೊದಲ ಕೈ ಹಚ್ಚಿ ನೋಡು."

ಹಚ್ಚಿದೆ. ಡಬ್ಬಿ ಮಣ್ಣಿನ ಕೊಡದ ನೀರಿಗಿಂತ ತಣ್ಣಗಿತ್ತು. ಇಷ್ಟು ವರ್ಷ ಪಾಠ ಮಾಡಿದ್ದು ಅಂದು ಮೊದಲ ಸಲ ನನ್ನ ಅಂಗೈಗೆ ತಿಳಿಯಿತು. ಖುಷಿಗೆ ಎರಡು ಲೋಟ ಕುಡಿದೆ.

ಮರುದಿನ ಬಕೆಟ್ಟು, ಗೊಬ್ಬರ, ಮಜ್ಜಿಗೆ ಡಬ್ಬಿ ಹೊತ್ತು ತರಗತಿಗೆ ನುಗ್ಗಿದೆ. ಜಾದೂಗಾರ್ತಿಯ ಠೀವಿಯಲ್ಲಿ ಬಕೆಟ್ಟಿನ ನೀರಿಗೆ ಗೊಬ್ಬರ ಸುರಿದು, ನಡುವೆ ಡಬ್ಬಿ ಇಟ್ಟು, "ಈಗ ಏನಾಗತೈತಿ, ಹೇಳ್ರಿ" ಎಂದೆ.

ಹಿಂದಿನ ಬೆಂಚಿನ ಹುಡುಗಿ ಆಕಳಿಸುತ್ತ ಎದ್ದಳು. "ಮಜ್ಜಿಗಿ ತಣ್ಣಗಾಗತೈತ್ರಿ ಮೇಡಂ. ಎಲ್ಲಾರಿಗೂ ಸಾಲತೈತೇನ್ರಿ?"