ಮಂಗಟ್ಟೆ ಯಾರ ಪೈಕಿ?

ನಮ್ಮ ಶಿರಸಿ ಕಡೆ ಹೊಸಬರು ಎದುರಾದರೆ ಹೆಸರು ಆಮೇಲೆ, ಮೊದಲು ‘ಯಾವೂರಾತು, ಯಾರ ಪೈಕಿ’ ಅನ್ನುವುದು. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಡುವುದಿಲ್ಲ. ಅವರ ಅತ್ತೆಯ ತವರಿನಿಂದ ಹಿಡಿದು ಎಲ್ಲಾದರೂ ಒಂದು ನೆಂಟಸ್ತಿಕೆ ಹಚ್ಚಿದರೇ ಸಮಾಧಾನ. ನನಗಂತೂ ಈ ಚಟ ತುಸು ಹೆಚ್ಚೇ. ಊರು ಮನೆ ಗೊತ್ತಿಲ್ಲದವರನ್ನು ನಂಬು ಅಂದರೆ ನನ್ನಿಂದ ಆಗುವುದಿಲ್ಲ, ಏನು ಮಾಡಲಿ!

ಇಂಥವನು ಸೋಶಿಯಲ್ ಮೀಡಿಯಾ ನಡೆಸಲು ಹೊರಟಿದ್ದೇ ತಮಾಷೆ. ಅದಕ್ಕೂ ಅನುಮಾನವೇ ಕಾರಣ. ದೊಡ್ಡ ಕಂಪನಿಗಳು ನಮ್ಮ ಮಾತನ್ನೆಲ್ಲ ಕದ್ದು ಕೇಳುತ್ತವೆ ಅನ್ನಿಸಿ, ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೇ ಯಂತ್ರವೊಂದಕ್ಕೆ ಬ್ಯಾಟರಿ ಕಟ್ಟಿ ನಮ್ಮದೇ ಸರ್ವರ್ ಇಟ್ಟೆ. ಇಂಥ ಸಣ್ಣ ಸರ್ವರ್‌ಗಳು ಎಲ್ಲ ಕಡೆ ಇವೆ. ಒಂದರಿಂದ ಇನ್ನೊಂದಕ್ಕೆ ಮಾತು ಹೋಗಿ ಬರುತ್ತದೆ, ಎಲ್ಲಕ್ಕೂ ಸೇರಿ ಒಬ್ಬ ಒಡೆಯ ಅಂತ ಇಲ್ಲ. ನಮ್ಮದರಲ್ಲಿ ಮೂರು ತಾಲ್ಲೂಕಿನ ಮೂವತ್ತು ಚಿಲ್ಲರೆ ಜನ. ಹಳೇ ಲ್ಯಾಪ್‌ಟಾಪಿಗೆ ಜೀವ ಬರಿಸುವುದು ಹೇಗೆ, ಸಿಡಿಲಿಗೆ ಮೋಡೆಮ್ ಸುಡದಂತೆ ಏನು ಮಾಡಬೇಕು, ಎಲ್ಲಿ ಮರ ಬೀಳುತ್ತಿದೆ, ಇವೇ ಮಾತು. ನಿಯಮದ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ‘ನಿಮ್ಮ ಖಾಸಗಿ ಪತ್ರ ತೆರೆದು ನೋಡಲು ನನಗೆ ಬರುತ್ತದೆ. ನೋಡುವುದಿಲ್ಲ.’

ಒಂದು ದಿನ ಮಂಗಟ್ಟೆ ಹಕ್ಕಿಯ ಚಿತ್ರ ಹಾಕಿಕೊಂಡವರೊಬ್ಬರು ಸೇರಲು ಅರ್ಜಿ ಹಾಕಿದರು. ಯಾಕೆ ಸೇರುತ್ತೀರಿ ಅನ್ನುವಲ್ಲಿ ಹೀಗಿತ್ತು: ‘ಮರದ ವಿಷಯ ಹೇಳಲಿಕ್ಕಿದೆ. ನಾನು ಯಾರು ಅಂತ ಕೇಳಬೇಡಿ. ಗೊತ್ತಾದರೆ ನನ್ನ ಅನ್ನ ಹೋಗುತ್ತದೆ.’

ಸಿದ್ದಾಪುರದ ವಿಜ್ಞಾನ ಟೀಚರ್ ಒಬ್ಬರು, ನಮ್ಮ ಗುಂಪಿನ ಹಿರಿಯರು, ‘ನನಗೆ ಗೊತ್ತಿದ್ದವರು, ಸೇರಿಸಿಕೊಳ್ಳಿ’ ಅಂದಿದ್ದಕ್ಕೆ ಸೇರಿಸಿದೆ. ಮಂಗಟ್ಟೆ ಬಂದ ವಾರದಲ್ಲೇ ಒಂದು ಪಟ್ಟಿ ಹಾಕಿತು. ನಿಲ್ಕುಂದದ ದಾರಿಯಲ್ಲಿ ಯಾವ ಯಾವ ಮರ ಕಡಿಯಲು ಅನುಮತಿ ಇದೆ, ಕಡಿಯುವ ಗುತ್ತಿಗೆದಾರರು ಅದಕ್ಕಿಂತ ಹೆಚ್ಚು ಯಾವ ಮರಗಳ ಮೇಲೆ ನಂಬರ್ ಹೊಡೆದಿದ್ದಾರೆ, ಸುತ್ತಳತೆ ಸಮೇತ. ಭಾನುವಾರ ಹೋಗಿ ಆ ಹೆಚ್ಚಿನ ನಂಬರುಗಳ ಫೋಟೋ ತೆಗೆದು ದೂರು ಕೊಡುವುದು ಅಂತ ಆರು ಜನ ಗುಂಪಿನಲ್ಲೇ ಗೊತ್ತುಮಾಡಿಕೊಂಡೆವು. ಎಷ್ಟು ಹೊತ್ತಿಗೆ ಹೋಗುತ್ತೀರಿ ಅಂತ ಮಂಗಟ್ಟೆ ಕೇಳಿತು. ಅಲ್ಲಿಗೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಇಷ್ಟೆಲ್ಲ ಇವನಿಗೆ ಹೇಗೆ ಗೊತ್ತು? ಹೊತ್ತು ಯಾಕೆ ಬೇಕು? ಗುತ್ತಿಗೆದಾರನೇ ಬಿಟ್ಟ ಜನ ಇರಬಹುದಲ್ಲ?

ಯಲ್ಲಾಪುರದ ಗೆಳೆಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಇನ್ವರ್ಟರ್ ರಿಪೇರಿ ಮಾಡುವವನು, ಯಾವುದಕ್ಕೂ ತಲೆ ಬಿಸಿ ಮಾಡಿಕೊಳ್ಳದ ಆಸಾಮಿ.

“ಯಾರಾದ್ರೆ ನಿಂಗೆಂತದೋ? ಪಟ್ಟಿ ಸರಿ ಇದ್ದು ಅಲ್ದಾ?”

“ಯಾರ ಪೈಕಿ ಹೇಳಿ ಗೊತ್ತಿಲ್ಲೆ ಮಾರಾಯಾ!”

“ಗೊತ್ತಿಲ್ದೇ ಇರ್ಲಿ. ಅರ್ಜೀಲೇ ಕೇಳಡಿ ಹೇಳಿದ್ವಲಿ,” ಅಂದು ಫೋನ್ ಇಟ್ಟ.

ನಾನು ಸುಮ್ಮನಿರಬೇಕಲ್ಲ! ಶುಕ್ರವಾರ ಆ ಗುತ್ತಿಗೆದಾರರ ಆಫೀಸಿನ ಗುಮಾಸ್ತ, ಬನವಾಸಿ ಕಡೆಯವನು, ಕೆಟ್ಟ ಪ್ರಿಂಟರ್ ತಂದ. ಬಹಳ ಬುದ್ಧಿವಂತನ ಹಾಗೆ, ಸ್ಕ್ರೂ ಬಿಚ್ಚುತ್ತಾ ಕೇಳಿದೆ: “ನಿಮ್ಮ ಆಫೀಸಲ್ಲಿ ಹಕ್ಕಿ ಹುಚ್ಚಿನವರು ಯಾರಾದರೂ ಇದ್ದಾರೇನು? ಭಾನುವಾರ ನಿಲ್ಕುಂದದ ಕಡೆ ಹಕ್ಕಿ ನೋಡಲು ಹೊರಟಿದ್ದೇವೆ.” ಮಂಗಟ್ಟೆ ಅವರ ಜನವೇ ಆಗಿದ್ದರೆ ಅವನ ಮುಖ ಕೆಂಪಾಗುತ್ತದೋ ನೋಡುವ ಅಂತ. ಏನೂ ಆಗಲಿಲ್ಲ. ವಿಚಾರಿಸಿ ಹೇಳ್ತೇನ್ರೀ ಅಂತ ಹೋದ.

ಭಾನುವಾರ ಆರೂ ಜನ ಹೋಗಿ ನೋಡಿದರೆ ಹೆಚ್ಚಿನ ನಂಬರ್ ಒಂದೂ ಇಲ್ಲ. ನಂಬರ್ ಇದ್ದಲ್ಲಿ ತೊಗಟೆಯನ್ನೇ ಕತ್ತಿಯಿಂದ ಕೆತ್ತಿ ತೆಗೆದಿದ್ದರು. ಗಾಯ ಇನ್ನೂ ಹಸಿ, ಕೈಗೆ ಅಂಟು ಹತ್ತಿತು. ಉಳಿದವರು ಫೋಟೋಕ್ಕೆ ತೆಗೆದ ಫೋನ್ ಹಾಗೇ ಜೇಬಿಗೆ ಹಾಕಿಕೊಂಡರು. ನನಗೆ ಮಾತ್ರ ಒಳಗೊಳಗೇ ಒಂದು ಹಾಳು ಸಂತೋಷ: ಹೇಳಿರಲಿಲ್ಲವೇ ನಾನು?

ಸೋಮವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಇಳಿಸಿ, ನಿಯಮದ ಪುಟದಲ್ಲಿ ಏನು ಬರೆದಿದ್ದೆನೋ ಅದನ್ನೇ ಮುರಿದೆ. ಮಂಗಟ್ಟೆ ಟೀಚರಿಗೆ ಬರೆದ ಪತ್ರಗಳನ್ನು ತೆರೆದೆ. ಕೊನೆಯದು ಶನಿವಾರದ್ದು.

‘ಭಾನುವಾರದ ಸುದ್ದಿ ನಮ್ಮ ಆಫೀಸಿಗೆ ಮುಟ್ಟಿದೆ. ಹಕ್ಕಿ ಹುಚ್ಚಿನವರು ಯಾರು ಅಂತ ಹೊರಗಿನವರು ಕೇಳಿದರಂತೆ. ಗುಂಪಿಗೆ ಹೇಳಬೇಡಿ, ಹೇಳಿದರೆ ನಾನೇ ಅಂತ ಗೊತ್ತಾಗುತ್ತದೆ. ಸರ್ವರ್ ನಡೆಸುವವರು ಇದನ್ನೆಲ್ಲ ಓದುವುದಿಲ್ಲ ಅಲ್ವಾ ಟೀಚರ್?’

ಟೀಚರ್ ಉತ್ತರ ಕೆಳಗೇ ಇತ್ತು: ‘ಆ ಮನುಷ್ಯ ಅನುಮಾನದ ಪ್ರಾಣಿ. ಆದರೆ ಮಾತು ಕೊಟ್ಟರೆ ತಪ್ಪುವವರಲ್ಲ. ನೀನು ಹೆದರಬೇಡ.’

ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕಿತ್ತು. ಸುದ್ದಿ ಮುಟ್ಟಿಸಿದ್ದು ನಾನು, ಈ ಬಾಯಿ! ಕೂಡಲೇ ಮಂಗಟ್ಟೆಗೆ ಬರೆಯಬೇಕಿತ್ತು: ಕೇಳಿದವನು ನಾನೇ, ಜಾಗ್ರತೆ ಮಾಡಿಕೊಳ್ಳಿ ಅಂತ. ಆದರೆ ಹಾಗೆ ಬರೆದರೆ ಪತ್ರ ಓದಿದ್ದು ಗೊತ್ತಾಗುತ್ತದಲ್ಲ. ಬರೆದೆ, ಅಳಿಸಿದೆ. ಇನ್ನೊಮ್ಮೆ ಬರೆದೆ. ನಾಳೆ ನೋಡುವ ಅಂತ ಎದ್ದೆ. ಮಂಗಳವಾರವೂ ಹಾಗೇ ಹೋಯಿತು.

ಬುಧವಾರ ಬೆಳಿಗ್ಗೆ ಗುಮಾಸ್ತ ಪ್ರಿಂಟರ್ ಒಯ್ಯಲು ಬಂದ. ಮುಖದಲ್ಲಿ ನಗು.

“ಅಣ್ಣಾರ, ನೀವ್ ಕೇಳಿದ್ರಲ್ರೀ ಹಕ್ಕಿ ಹುಚ್ಚಿನೋರು ಯಾರಂತ? ನಮ್ಮ ಸಾಹೇಬ್ರ ಕಿವಿಗೆ ಹಾಕಿದೆ. ನಿನ್ನೆ ಸಿಕ್ಕಳ್ರೀ! ಟೈಪ್ ಮಾಡೋ ಹುಡುಗಿ. ಮೊಬೈಲ್ ಹಿಂದ ಮಂಗಟ್ಟೆ ಸ್ಟಿಕರ್ ಅಂಟಿಸ್ಕೊಂಡಿದ್ಲು. ಆಫೀಸಿನ ಪಟ್ಟಿ ಎಲ್ಲಾ ಹೊರಗ ಕಳಿಸ್ತಿದ್ಲಂತ. ನಿನ್ನೇನ ಕೆಲಸ ಬಿಡಿಸಿ ಮನಿಗೆ ಕಳಿಸಿದ್ರು. ನೀವ್ ಕೇಳಿದ್ದು ಛಲೋ ಆತ್ ನೋಡ್ರಿ.”

ಪ್ರಿಂಟರ್ ನನ್ನ ಕೈಯಲ್ಲಿತ್ತು. ಇಳಿಸಲೂ ತೋಚಲಿಲ್ಲ.

“ಯಾರ ಪೈಕಿ ಗೊತ್ತೇನ್ರಿ ಆಕಿ?” ಅವನೇ ಕೇಳಿದ.

“ಬೇಡ ಮಾರಾಯಾ, ಹೇಳಬೇಡ,” ಅಂದೆ.

ಹೇಳಿಯೇ ಹೋದ. ಊರು, ಮನೆ, ಅಪ್ಪ ಯಾರು ಅನ್ನುವುದು, ಎಲ್ಲ. ಅಂದೇ ಗುಂಪಿಗೆ ನಡೆದದ್ದನ್ನೆಲ್ಲ ಬಿಡದೆ ಬರೆದೆ. ಸಂಜೆಯೊಳಗೆ ಮಂಗಟ್ಟೆಯ ಪುಟದಲ್ಲಿ ‘ಈ ಖಾತೆ ಬೇರೆ ಸರ್ವರ್‌ಗೆ ಹೋಗಿದೆ’ ಅಂತ ಬಂತು. ಮರುದಿನ ಟೀಚರೂ ಹೋದರು. ಆ ಹುಡುಗಿಯ ಊರಿನ ಬಸ್ಸು ದಿನಾ ನನ್ನ ಅಂಗಡಿಯ ಎದುರಿಂದಲೇ ಹೋಗುತ್ತದೆ. ನಾನು ಇನ್ನೂ ಹತ್ತಿಲ್ಲ.