ಘಟದ ಪಕ್ಕದ ಪೀಪಾಯಿ

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ನನ್ನ ಗೆಳೆಯನ ಅಪ್ಪನ ಸೋಡಾ ಅಂಗಡಿ ಇತ್ತು. ಬಾಗಿಲಿಗೆ ನೀಲಿ ಬಣ್ಣವೆಂದು ನನ್ನ ನೆನಪು. ಗೆಳೆಯ ಹಸಿರು ಅನ್ನುತ್ತಾನೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ನನಗೆ ಗಟ್ಟಿಯಾಗಿ ಉಳಿದದ್ದು ಅನುಮಾನ ಒಂದೇ, ಅದರಲ್ಲೂ ನನ್ನ ನೆನಪಿನ ಮೇಲಿನ ಅನುಮಾನ. ಆದರೂ ಆ ಸೋಡಾ ಕುಡಿದಾಗ ಮೂಗಿನ ಬುಡದಲ್ಲಿ ಏಳುತ್ತಿದ್ದ ಚುರುಕನ್ನು ಮಾತ್ರ ಇವತ್ತಿಗೂ ಅನುಮಾನಿಸಲು ಮನಸ್ಸು ಬರುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಗೆಳೆಯ ಅಂಗಡಿ ಖಾಲಿ ಮಾಡಿದ. ಒಂದು ಮಧ್ಯಾಹ್ನ ಸೋಡಾಕ್ಕೆ ತುಂಬುವ ಗ್ಯಾಸಿನ ಸಿಲಿಂಡರನ್ನು ಬೈಕಿಗೆ ಕಟ್ಟಿಕೊಂಡು ನಮ್ಮ ಮನೆಗೆ ಬಂದ.

"ನಮ್ಮಪ್ಪ ಕೊನಿಗೆ ತುಂಬಿಸಿದ್ದು. ಇನ್ನೂ ಸ್ವಲ್ಪ ಐತಿ. ಆ ಸೋಡಾದ ರುಚಿ ನನ್ನ ಬಾಯಾಗಿಂದ ಹೋಗೇಬಿಟ್ಟೈತಿ ನೋಡ್ಲೇ. ನೀ ಹೆಂಗೂ ಶುಂಠಿ ಕಷಾಯ ಕೊಳಿಸ್ಕೊಂಡು ಕುಂತಿರ್ತಿ. ಈ ಗ್ಯಾಸ್ ಅದಕ್ಕ ಹಾಕಿ ಒಂದು ಗ್ಲಾಸ್ ಕೊಡು. ಆಮ್ಯಾಲ ಸಿಲಿಂಡರ್ ಗುಜರಿಗೆ."

ಕಷಾಯವಲ್ಲ, ಶುಂಠಿ ಬಿಯರ್ ಎಂದೆ. ಶುಂಠಿ, ಬೆಲ್ಲ, ನಿಂಬೆಹಣ್ಣು, ಚಿಟಿಕೆ ಯೀಸ್ಟ್. ಅಮಲೇರುವಷ್ಟು ದಿನ ಬಿಡುವುದಿಲ್ಲ. ಒಮ್ಮೆ ಬಾಟಲಿ ಸಿಡಿದು ಅವ್ವನಿಂದ ಬೈಸಿಕೊಂಡ ಮೇಲೆ ಸ್ಟೀಲಿನ ಪೀಪಾಯಿ ತರಿಸಿಕೊಂಡಿದ್ದೆ. ಅದಕ್ಕೆ ಗ್ಯಾಸು ತುಂಬುವುದು ಆಗ ನನಗೆ ಹೊಸದು.

ಅವನಪ್ಪ ಗ್ಯಾಸು ತುಂಬುವಾಗ ಸೀಸೆಯನ್ನು ಕಬ್ಬಿಣದ ಪಂಜರದಲ್ಲಿಟ್ಟು ಗಿರಗಿರ ತಿರುಗಿಸುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಅದನ್ನೇ ನಂಬಿ, ಬಿಯರನ್ನು ತಣ್ಣಗಾಗಿಸದೆಯೇ ಗ್ಯಾಸನ್ನು ಜೋರಾಗಿ ಬಿಟ್ಟು, ಪೀಪಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂಸಿನಂತೆ ತೂಗಿದೆ. ನಲ್ಲಿ ಒತ್ತಿದರೆ ಬರೀ ನೊರೆ. ನೊರೆ ಅಂಗಳದ ಪಾಲಾಯಿತು, ಉಳಿದದ್ದು ಸಪ್ಪೆ. ಬೆಚ್ಚಗಿನ ಪಾನೀಯ ಗ್ಯಾಸನ್ನು ಹಿಡಿದಿಟ್ಟುಕೊಳ್ಳುವುದಿಲ್ಲವೆಂದು ಓದಿದ್ದೆ. ಓದಿದ್ದಕ್ಕಿಂತ ಆ ಪಂಜರ ಹೆಚ್ಚು ನಿಜವೆನಿಸಿತ್ತು.

ಗೆಳೆಯ ಸಿಲಿಂಡರನ್ನು ಎತ್ತಿ ನೋಡಿದ. "ಹಗುರಾಗೇತಿ," ಎಂದಷ್ಟೇ ಹೇಳಿದ. ಇನ್ನೊಂದೇ ಸಲಕ್ಕೆ ಸಾಲುವಷ್ಟಿತ್ತು.

ಎರಡನೆಯ ಸಲ ಪೀಪಾಯಿಗೆ ಹೊಸ ಬಿಯರ್ ತುಂಬಿ, ಒಳಕೋಣೆಯ ಹಳೇ ಫ್ರಿಜ್ಜಿನ ಹಲಗೆ ತೆಗೆದು ಒಳಗೆ ನಿಲ್ಲಿಸಿದೆ. ಚೆನ್ನಾಗಿ ತಣ್ಣಗಾದ ಮೇಲೆ ಪೈಪು ಜೋಡಿಸಿದೆ. ಕೂಡಿಸಿದಲ್ಲೆಲ್ಲ ಸೋಪಿನ ನೀರು ಸವರಿ, ಗುಳ್ಳೆ ಎದ್ದಲ್ಲಿ ಬಿಗಿ ಮಾಡಿದೆ. ಒತ್ತಡ ಕಡಿಮೆ ಇಟ್ಟೆ. ಇನ್ನು ವಾರಕ್ಕೂ ಮೇಲೆ ಸುಮ್ಮನೆ ಬಿಡಬೇಕು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಅವತ್ತೇ ಮತ್ತೆ ಮತ್ತೆ ಬಾಗಿಲು ತೆಗೆದು ನೋಡಿದೆ; ಒಂದು ಸಲ ಅಲುಗಿಸಿದರೆ ಏನಾದೀತು ಎಂದು ಕೈ ತುರಿಸುತ್ತಿತ್ತು.

ಮರುದಿನ ಬೆಳಿಗ್ಗೆ ಅವ್ವ ಅದೇ ಕೋಣೆಯಲ್ಲಿ ದಸರೆಯ ಘಟ ಕೂರಿಸಿದಳು. ಮಣ್ಣು ಹರವಿ, ಕಾಳು ಬಿತ್ತಿ, ನಡುವೆ ನೀರಿನ ಮಡಕೆ ಇಟ್ಟು, ದೀಪ ಹಚ್ಚಿದಳು.

"ಘಟ ಕುಂತ ಕೋಣ್ಯಾಗ ಏನೂ ಅಲುಗಾಡಸಬಾರ್ದು ತಮ್ಮಾ. ಬನ್ನಿ ಮುಡಿಯೋತನ ಅದರ ಬಾಗಲಾ ತಗೀಬ್ಯಾಡ."

"ಅವ್ವಾ, ಅದು ಫ್ರಿಜ್."

"ಇರ್ಲಿ. ಅದೂ ಕುಂತೈತಲ್ಲ," ಎಂದು ಫ್ರಿಜ್ಜಿಗೂ ವಿಭೂತಿ ಎಳೆದಳು.

ಆ ದಿನಗಳಲ್ಲಿ ನಾನು ಹೊಸ್ತಿಲಲ್ಲಿ ಕೂತಿರುತ್ತಿದ್ದೆ. ದೀಪದ ಬೆಳಕಿನಲ್ಲಿ ಸಸಿಗಳು ತೆಳು ಹಳದಿಯಾಗಿ ಏಳುತ್ತಿದ್ದವು. ಫ್ರಿಜ್ಜು ಗುಂಯ್ಯೆಂದು ಒಮ್ಮೆ ಹಾಡಿ ನಿದ್ದೆ ಹೋಗುತ್ತಿತ್ತು. ಕಾಣದ ಗ್ಯಾಸು ಕಾಣದ ನೀರಿನೊಳಗೆ ಇಳಿಯುತ್ತಿದೆ ಅನ್ನಿಸಿ ನನ್ನ ಕಣ್ಣೂ ಮುಚ್ಚುತ್ತಿತ್ತು. ಆ ಜೊಂಪಿನಲ್ಲಿ ಸೋಡಾ ಅಂಗಡಿಯ ಹಲಗೆಯ ಮೇಲೆ ಕೂತಿರುತ್ತಿದ್ದೆ; ಯಾರೋ ಸೀಸೆಯ ಗೋಲಿ ಒತ್ತಿ ನನ್ನತ್ತ ಚಾಚುತ್ತಿದ್ದರು. ಆ ಕೈಗೆ ಬಳೆ ಇದ್ದವೇ? ಹಾಗಾದರೆ ಅವನಪ್ಪನ ಕೈಯಲ್ಲ. ಅಥವಾ ಬಳೆಯ ಸದ್ದು ಹಿತ್ತಲಲ್ಲಿದ್ದ ಅವ್ವನದು.

ದಸರೆಯ ಕೊನೆಯ ದಿನ, ಬನ್ನಿಯ ಸಂಜೆ ಗೆಳೆಯ ಬಂದ. ಬನ್ನಿ ಎಲೆಯನ್ನು ನನ್ನ ಕೈಗಿಟ್ಟು ಅವ್ವನ ಕಾಲಿಗೆ ಬಿದ್ದ. ಅವ್ವ ಘಟದ ಸಸಿ ಕಿತ್ತು ಅವನ ಕಿವಿಗೆ ಸಿಕ್ಕಿಸಿದಳು.

ಫ್ರಿಜ್ಜಿನ ಬಾಗಿಲು ತೆಗೆದೆ. ಗ್ಲಾಸು ಓರೆ ಹಿಡಿದು ನಲ್ಲಿ ಒತ್ತಿದೆ. ಮೇಲೆ ಬೆರಳಗಲ ನೊರೆ, ಕೆಳಗೆ ದಾರದಂತೆ ಏಳುವ ಸಣ್ಣ ಗುಳ್ಳೆಗಳು. ಗೆಳೆಯ ಒಂದೇ ಉಸಿರಿಗೆ ಅರ್ಧ ಕುಡಿದು ಕಣ್ಣು ಮುಚ್ಚಿದ. ಮುಂಗೈಯಿಂದ ಮೂಗು ಉಜ್ಜಿಕೊಂಡ.

"ಹಿಂಗ ಇತ್ತೇನ್ಲೇ?"

ನಾನೂ ಕುಡಿದೆ. ಮೂಗಿನ ಬುಡದಲ್ಲಿ ಚುರುಕು ಎದ್ದಿತು. ಆ ಕ್ಷಣಕ್ಕೇ ಹಳೆಯದು ಯಾವುದು, ಇದು ಯಾವುದು ಎಂಬುದು ಕಲಸಿಹೋಯಿತು.

"ಗೊತ್ತಾಗವಲ್ದು," ಎಂದೆ.

"ಅಷ್ಟು ಓದಿ ಇಷ್ಟೂ ಗೊತ್ತಾಗಲ್ಲ ನಿನಗ." ಉಳಿದದ್ದನ್ನು ಕುಡಿದು ಗ್ಲಾಸು ಚಾಚಿದ. "ಹಾಕು. ಇನ್‌ಮ್ಯಾಲ ನನಗ ಇದೇ ನಮ್ಮಪ್ಪನ ಸೋಡಾ."

ಪೀಪಾಯಿ ಬರಿದಾಗುವ ಹೊತ್ತಿಗೆ ಸಿಲಿಂಡರಿನ ಮುಳ್ಳು ಸೊನ್ನೆಗೆ ಬಿದ್ದಿತ್ತು. ಅವನು ಅದನ್ನು ಬಿಚ್ಚಿ ಬೈಕಿಗೆ ಕಟ್ಟತೊಡಗಿದ.

"ಗುಜರಿಗೇನು?" ಎಂದೆ.

"ಗ್ಯಾಸ್ ತುಂಬಿಸಾಕ," ಎಂದು ಹಗ್ಗ ಬಿಗಿದ. ಕಿವಿಯ ಸಸಿ ಜಾರಿತ್ತು. ಸರಿಮಾಡಿಕೊಂಡು ಬೈಕು ಹತ್ತಿದ.